ಮಡಿಕೇರಿಯ ಸೈಬರ್ ಅಂಗಡಿಯಲ್ಲಿ ಸಿಕ್ಕ ಅಕ್ಕನಿಗೆ

ಕಳೆದ ಶುಕ್ರವಾರ ಮಡಿಕೇರಿಯ ಸೈಬರ್ ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದ ನೀಲಿ ರೇನ್‌ಕೋಟಿನ ಅಕ್ಕ, ಇದು ನಿಮಗೆ.

ಮಳೆಗೆ ನಮ್ಮೂರಲ್ಲಿ ಆಗ ಎರಡು ದಿನದಿಂದ ಕರೆಂಟಿರಲಿಲ್ಲ, ನೆಟ್ಟೂ ಇರಲಿಲ್ಲ. ಇಂಟರ್ನ್‌ಶಿಪ್ಪಿನ ಮೇಲ್ ಸಂಜೆ 5ರೊಳಗೆ ಹೋಗಬೇಕಿತ್ತು. ಡಿಗ್ರಿಯಲ್ಲಿ ಇಂಗ್ಲಿಷ್ ಪ್ರಬಂಧ ಎಷ್ಟೋ ಬರೆದಿದ್ದೇನೆ, ಆದರೆ ಆಫೀಸಿಗೆ ಹತ್ತು ಸಾಲಿನ ಮೇಲ್ ಬರೆಯೋದು ಬೇರೆಯೇ ಕೆಲಸ, ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ.

ನನ್ನ ಕೈ ನಡುಗೋದು ನೋಡಿ ನೀವೇ ಕೇಳಿದಿರಿ, "ಒಂದ್ಸಲ ಓದ್ಲಾ?" ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ. ಬಸ್ ಟಿಕೆಟ್ಟಿನ ಹಿಂದೆ ಪೆನ್ಸಿಲಲ್ಲಿ ಬರೆದು ತೋರಿಸುತ್ತಾ, ಟೈಪ್ ಮಾಡೋದನ್ನು ನನಗೇ ಬಿಟ್ಟಿರಿ. ಸಬ್ಜೆಕ್ಟ್ ಖಾಲಿ ಇತ್ತು, ತುಂಬಿಸಿದಿರಿ. "ಏನು ಬೇಕು ಅಂತ ಮೊದಲ ಸಾಲಲ್ಲೇ ಹೇಳಮ್ಮ, ಓದೋರಿಗೆ ಪುರುಸೊತ್ತಿರಲ್ಲ ಅಲ್ವಾ" ಅಂದಿರಿ. 'ಐ ಆಮ್ ಹ್ಯಾವಿಂಗ್' ಹೋಗಿ 'ಐ ಹ್ಯಾವ್' ಆಯಿತು. 'ಕೈಂಡ್ಲಿ ಡೂ ದಿ ನೀಡ್‌ಫುಲ್' ತೆಗೆಸಿ, ಅವರು ಏನು ಮಾಡಬೇಕೋ ಅದನ್ನೇ ನೇರವಾಗಿ ಬರೆಸಿದಿರಿ. ರೆಸ್ಯೂಮೆ ಅಟ್ಯಾಚ್ ಮಾಡೋದು ನಾನು ಮರೆತೇಬಿಟ್ಟಿದ್ದೆ, ನೆನಪಿಸಿದ್ದೂ ನೀವೇ.

4.50ಕ್ಕೆ ಕಳಿಸಿದೆ. ಎದೆ ಹಗುರಾಯಿತು. ತಿರುಗಿ ನೋಡಿದರೆ ನೀವಿಲ್ಲ, ವಿರಾಜಪೇಟೆ ಬಸ್ ಬಂತು ಅಂತ ಓಡಿದರು ಅಂದರು ಅಂಗಡಿಯವರು. ಹೆಸರೂ ಕೇಳಲಿಲ್ಲ ನಾನು. ಆ ಟಿಕೆಟ್ ನನ್ನ ನೋಟ್‌ಬುಕ್ಕಿನಲ್ಲಿದೆ. ತುಂಬಾ ಥ್ಯಾಂಕ್ಸ್ ಅಕ್ಕ.