ಮೆಕಾಟ್ರಾನಿಕ್ಸೋ, ಏರೋಸ್ಪೇಸೋ? ಹತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾಗೆ ಹೋಗಬೇಕೆಂದಿರುವ ಮಕ್ಕಳ ಮನೆಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ನಿಯಂತ್ರಣ ಸೇರಿದ ಓದು) ಕೊಡಿಸೋಣವೋ, ಏರೋಸ್ಪೇಸ್ (ವಿಮಾನಕ್ಕೆ ಸಂಬಂಧಿಸಿದ ಓದು) ಕೊಡಿಸೋಣವೋ? ಅರ್ಜಿ ತುಂಬುವ ಮುಂಚೆ ಮಗ ಅಥವಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪತ್ರ ಓದಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವಿಮಾನ ಇಷ್ಟ ಎಂಬುದೊಂದೇ ಕಾರಣಕ್ಕೆ ಹದಿನೈದು ವರ್ಷದ ಮಗುವನ್ನು ಏರೋಸ್ಪೇಸ್ ಡಿಪ್ಲೊಮಾಗೆ ಸೇರಿಸಬೇಡಿ. ವಿಮಾನದ ಭಾಗ ಮಾಡುವ ಕಾರ್ಖಾನೆಗಳಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಮೆಕಾಟ್ರಾನಿಕ್ಸ್ ಓದಿದವರಿಗೂ ಜಾಗವಿದೆ. ಏರೋಸ್ಪೇಸ್ ಎಂದು ಬರೆದ ಪ್ರಮಾಣಪತ್ರ ಹಿಡಿದು ಔಷಧಿ ಕಾರ್ಖಾನೆಗೋ ಬಿಸ್ಕತ್ತು ಕಾರ್ಖಾನೆಗೋ ಕೆಲಸ ಕೇಳಿಕೊಂಡು ಹೋಗುವುದು ಅಷ್ಟು ಸುಲಭವಲ್ಲ.

ಮೆಕಾಟ್ರಾನಿಕ್ಸ್ ಲ್ಯಾಬಿನಲ್ಲಿ ಮಗು ಮಾಡುವ ಕೆಲಸ ಹೀಗಿರುತ್ತದೆ. ಕಂಪ್ರೆಸರಿನ ಗಾಳಿ ಫಿಲ್ಟರ್, ರೆಗ್ಯುಲೇಟರ್ ದಾಟಿ ಸುಮಾರು 6 ಬಾರ್ ಒತ್ತಡದಲ್ಲಿ ಸೊಲೆನಾಯ್ಡ್ ವಾಲ್ವಿಗೆ, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ವಾಲ್ವಿಗೆ, ಬರುತ್ತದೆ. ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ 24 ವೋಲ್ಟ್ ಕೊಟ್ಟ ಕೂಡಲೇ ವಾಲ್ವು ಗಾಳಿಯ ದಾರಿ ಬದಲಿಸಿ ಸಿಲಿಂಡರಿನ ರಾಡು ಮುಂದಕ್ಕೆ ಬರುತ್ತದೆ. ರಾಡು ಪೂರ್ತಿ ಬಂದಿದೆ ಎಂದು ಸಿಲಿಂಡರಿನ ಮೇಲಿರುವ ರೀಡ್ ಸ್ವಿಚ್ ಎಂಬ ಸೆನ್ಸರ್ ತಿಳಿಸಿದ ಮೇಲೆಯೇ ಮುಂದಿನ ಹೆಜ್ಜೆ. ಕೇಳಲು ಸರಳವಾಗಿದೆ, ಯಂತ್ರ ನಿಂತಾಗ ಕಾರಣ ಹುಡುಕುವುದೇ ಇಲ್ಲಿನ ನಿಜವಾದ ವಿದ್ಯೆ. ರೀಡ್ ಸ್ವಿಚ್ ಕೆಲವೇ ಮಿಲಿಮೀಟರ್ ಸರಿದಿದ್ದರೂ ಸಿಗ್ನಲ್ ಬರುವುದಿಲ್ಲ. ಸೆನ್ಸರುಗಳಲ್ಲಿ ಎನ್‌ಪಿಎನ್, ಪಿಎನ್‌ಪಿ ಎಂದು ಎರಡು ಬಗೆ; ಎನ್‌ಪಿಎನ್ ಸೆನ್ಸರಿಗೆಂದು ವೈರಿಂಗ್ ಮಾಡಿದ ಇನ್‌ಪುಟ್ ಕಾರ್ಡಿಗೆ ಪಿಎನ್‌ಪಿ ಸೆನ್ಸರ್ ಹಾಕಿದರೆ ಸೆನ್ಸರಿನ ದೀಪ ಉರಿಯುತ್ತದೆ, ಪಿಎಲ್‌ಸಿಗೆ ಮಾತ್ರ ಏನೂ ಕಾಣುವುದಿಲ್ಲ. ಫಿಲ್ಟರಿನ ಬಟ್ಟಲಲ್ಲಿ ತುಂಬಿದ ನೀರನ್ನು ಹೊರಬಿಡದಿದ್ದರೆ ಅದು ಗಾಳಿಯ ಜೊತೆ ವಾಲ್ವಿಗೆ ಹೋಗಿ, ವಾಲ್ವು ಕಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಆಗುವಾಗ ಪ್ರೋಗ್ರಾಂ ಸರಿಯಾಗಿಯೇ ಇರುತ್ತದೆ, ಹೊಸಬರು ಮಾತ್ರ ಪ್ರೋಗ್ರಾಮನ್ನೇ ತಿದ್ದುತ್ತಾ ಕೂರುತ್ತಾರೆ. ಕೆಟ್ಟ ಮಿಕ್ಸಿಯನ್ನೋ ಸೈಕಲ್ಲನ್ನೋ ಬಿಚ್ಚಿ, ಯಾಕೆ ಹೀಗಾಯಿತು ಎಂದು ಹಟಹಿಡಿದು ಹುಡುಕುವ ಮಗು ಇದಕ್ಕೆ ಒಗ್ಗುತ್ತದೆ. ಇದರ ಜೊತೆಗೆ ಸರ್ವೋ ಮೋಟಾರ್, ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿ, ರೋಬೋಟ್, ಕಂಪ್ಯೂಟರ್ ನಿಯಂತ್ರಿತ ಯಂತ್ರವಾದ ಸಿಎನ್‌ಸಿಯೂ ಇರುತ್ತವೆ. ಎಲ್ಲವೂ ಸ್ವಲ್ಪ ಸ್ವಲ್ಪ, ಯಾವುದೂ ಆಳವಾಗಿಲ್ಲ ಎಂಬುದು ಈ ಕೋರ್ಸಿನ ನಿಜವಾದ ಕೊರತೆ. ಆದ್ದರಿಂದ ಎರಡನೇ ವರ್ಷದ ಹೊತ್ತಿಗೆ ಯಾವುದಾದರೂ ಒಂದರಲ್ಲಿ ಕೈ ಪಳಗಲೇಬೇಕು.

ಏರೋಸ್ಪೇಸಿನ ಸ್ವಭಾವವೇ ಬೇರೆ. ಅಲ್ಲಿ ಹೊಸ ಉಪಾಯಕ್ಕಿಂತ ಶಿಸ್ತಿಗೆ ಬೆಲೆ. ತಗಡುಗಳನ್ನು ಜೋಡಿಸುವ ರಿವೆಟ್ ಹೊಡೆಯುವುದನ್ನೇ ನೋಡಿ. 3.2 ಮಿ.ಮೀ. ವ್ಯಾಸದ ರಿವೆಟ್ಟಾದರೆ ರಂಧ್ರದ ಮಧ್ಯಬಿಂದು ತಗಡಿನ ಅಂಚಿನಿಂದ ಕನಿಷ್ಠ ಆ ವ್ಯಾಸದ ಎರಡು ಪಟ್ಟು, ಅಂದರೆ 6.4 ಮಿ.ಮೀ. ದೂರದಲ್ಲಿರಬೇಕು. ಅಂಚಿಗೆ ಹತ್ತಿರವಾದರೆ ತಗಡು ಅಲ್ಲೇ ಹರಿಯುತ್ತದೆ. ಹೊಡೆದ ಮೇಲೆ ಹಿಂಬದಿಯಲ್ಲಿ ಮೂಡುವ ತಲೆ ಸುಮಾರು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಬರಬೇಕು. ರಂಧ್ರದ ಅಂಚಿನ ಚೂಪು ತೆಗೆಯದೆ ಬಿಟ್ಟರೆ ಎರಡು ತಗಡುಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ. ಬಿರುಕು ಶುರುವಾಗುವುದೂ ಅಂಥ ಕಡೆಯೇ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಉಪಕರಣಗಳನ್ನು ಎಣಿಸಬೇಕು. ಒಂದು ಸ್ಪ್ಯಾನರ್ ಕಡಿಮೆ ಬಂದರೂ ಅದು ಸಿಗುವವರೆಗೆ ವಿಮಾನ ಹೊರಡುವಂತಿಲ್ಲ. ಮಾಡಿದ ಪ್ರತಿ ಕೆಲಸಕ್ಕೂ ದಾಖಲೆ, ಸಹಿ. ಇದನ್ನು ಬೇಸರವಿಲ್ಲದೆ ದಿನವೂ ಮಾಡಬಲ್ಲ ಮಕ್ಕಳಿದ್ದಾರೆ. ಅಂಥವರಿಗೆ ಇದು ನಿಜವಾಗಿ ಒಳ್ಳೆಯ ದಾರಿ.

ಅತಿ ಹೆಚ್ಚು ಪೋಷಕರು ತಪ್ಪು ತಿಳಿಯುವುದು ಇಲ್ಲಿ. ಏರೋಸ್ಪೇಸ್ ಅಥವಾ ಏರೋನಾಟಿಕಲ್ ಡಿಪ್ಲೊಮಾ ಮುಗಿಸಿದ ಮಾತ್ರಕ್ಕೆ ವಿಮಾನ ಹಾರಾಟಕ್ಕೆ ಯೋಗ್ಯವಾಗಿದೆ ಎಂದು ಸಹಿ ಹಾಕುವ ಹಕ್ಕು ಬರುವುದಿಲ್ಲ. ಆ ಹಕ್ಕು ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ ಕೊಡುವ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸಿನದು. ಅದು ಸಿಎಆರ್-66 ಎಂಬ ನಿಯಮದಡಿ ಬರುತ್ತದೆ. ಅದರಲ್ಲಿ ಬಿ1 ಎಂದರೆ ವಿಮಾನದ ಕವಚ ಮತ್ತು ಎಂಜಿನ್, ಬಿ2 ಎಂದರೆ ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್. ಪ್ರತಿ ಮಾಡ್ಯೂಲಿನ ಪರೀಕ್ಷೆ ಪಾಸಾಗಬೇಕು, ಜೊತೆಗೆ ಹಾರಾಟದಲ್ಲಿರುವ ವಿಮಾನಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಅನುಭವವನ್ನು ದಾಖಲಿಸಬೇಕು. ಈ ತರಬೇತಿಗೆ ಮಾಮೂಲಿ ದಾರಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಡಿಜಿಸಿಎ ಮಾನ್ಯತೆಯ ಸಂಸ್ಥೆ ಸೇರುವುದು. ನಿಮ್ಮ ಮಗುವಿನ ಕನಸು ವಿಮಾನ ನಿಲ್ದಾಣದಲ್ಲಿ ವಿಮಾನ ಸಿದ್ಧಪಡಿಸುವುದಾದರೆ ಡಿಪ್ಲೊಮಾಗಿಂತ ಪಿಯುಸಿ ವಿಜ್ಞಾನವೇ ಹತ್ತಿರದ ದಾರಿ. ಪೈಲಟ್ ಆಗುವುದಕ್ಕೂ ಈ ಡಿಪ್ಲೊಮಾಗೂ ಸಂಬಂಧವಿಲ್ಲ.

ಕೆಲಸದ ಮಾತಿಗೆ ಬರೋಣ. ಬೆಂಗಳೂರಿನಲ್ಲಿ 1940ರಿಂದ ವಿಮಾನ ತಯಾರಿಸುವ ಸರ್ಕಾರಿ ಸಂಸ್ಥೆ ಎಚ್‌ಎಎಲ್ ಇದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ದೇವನಹಳ್ಳಿಯಲ್ಲಿ ಏರೋಸ್ಪೇಸ್ ಪಾರ್ಕ್ ಇದೆ, ಬೆಳಗಾವಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳಿವೆ. ಇಂಥ ಕಡೆ ಡಿಪ್ಲೊಮಾದವರಿಗೆ ಸಿಗುವ ಕೆಲಸ ಬಹುಪಾಲು ಸಿಎನ್‌ಸಿ ಯಂತ್ರ ನಡೆಸುವುದು, ಅಳತೆ ಪರೀಕ್ಷಿಸುವುದು, ಜೋಡಣೆ, ಯಂತ್ರಗಳ ನಿರ್ವಹಣೆ. ಈ ಕೆಲಸಗಳಿಗೆ ಮೆಕ್ಯಾನಿಕಲ್, ಮೆಕಾಟ್ರಾನಿಕ್ಸ್ ಓದಿದವರೂ ಅರ್ಹರು. ಸರ್ಕಾರಿ ಸಂಸ್ಥೆಗಳ ಹುದ್ದೆಗಾದರೆ ಅಧಿಸೂಚನೆಯಲ್ಲಿ ಬರೆದ ವಿಭಾಗದ ಹೆಸರೇ ಲೆಕ್ಕಕ್ಕೆ ಬರುವುದು. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್. ಮೆಕಾಟ್ರಾನಿಕ್ಸ್ ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಎಚ್‌ಎಎಲ್, ಇಸ್ರೋ, ರೈಲ್ವೆಯ ಹಳೆಯ ಅಧಿಸೂಚನೆಗಳನ್ನು ಅವುಗಳ ವೆಬ್‌ಸೈಟಿನಲ್ಲಿ ತೆಗೆದು, ಡಿಪ್ಲೊಮಾ ಹುದ್ದೆಗಳ ಅರ್ಹತೆಯ ಸಾಲನ್ನು ನೀವೇ ಓದಿ. ಸರ್ಕಾರಿ ಕೆಲಸವೇ ಗುರಿಯಾಗಿದ್ದರೆ ಈ ಎರಡನ್ನೂ ಬಿಟ್ಟು ಮೆಕ್ಯಾನಿಕಲ್ ತೆಗೆದುಕೊಳ್ಳುವುದೇ ಜಾಣತನ ಎಂದು ನಾವು ಹೇಳುತ್ತೇವೆ.

ಮುಂದೆ ಬಿಇ ಓದುವ ಆಸೆ ಇದ್ದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಅಲ್ಲಿ ಡಿಪ್ಲೊಮಾದ ಮಕ್ಕಳು ಹೆಚ್ಚಾಗಿ ಎಡವುವುದು ಗಣಿತದಲ್ಲಿ. ಪಿಯುಸಿಯವರು ಎರಡು ವರ್ಷ ಮಾಡಿದ ಕ್ಯಾಲ್ಕುಲಸ್ ಇವರಿಗೆ ಅಷ್ಟು ಆಗಿರುವುದಿಲ್ಲ. ಏರೋಸ್ಪೇಸ್ ಬಿಇ ಬೇಕೆನ್ನುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ, ವಿಮಾನದ ಚಲನಶಾಸ್ತ್ರವೆಲ್ಲ ನಿಂತಿರುವುದು ಗಣಿತದ ಮೇಲೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ಮೊದಲು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಅನುಮೋದನೆ ಮತ್ತು ರಾಜ್ಯ ತಾಂತ್ರಿಕ ಶಿಕ್ಷಣ ಇಲಾಖೆಯ ಸಂಯೋಜನೆ ಈ ವರ್ಷಕ್ಕೆ, ಇದೇ ಕೋರ್ಸಿಗೆ ಇದೆಯೇ ಎಂದು ಪತ್ರ ಕೇಳಿ. ಏರೋಸ್ಪೇಸ್ ಹೆಸರಿನಲ್ಲಿ ಬರೀ ಸರ್ಟಿಫಿಕೇಟ್ ಕೊಡುವ ತರಬೇತಿಗಳೂ ಇವೆ; ಅವನ್ನು ಹಿಡಿದು ಬಿಇ ಎರಡನೇ ವರ್ಷಕ್ಕೆ ಹೋಗಲಾಗದು. ಲ್ಯಾಬಿನಲ್ಲಿ ಒಂದು ಪಿಎಲ್‌ಸಿ ಕಿಟ್ಟಿಗೆ ಎಷ್ಟು ಮಕ್ಕಳು ಎಂದು ಕೇಳಿ. ನಾಲ್ಕಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರ ಕೈಗೆ ಏನೂ ಸಿಗುವುದಿಲ್ಲ. ಕಂಪ್ರೆಸರನ್ನು ನಿಮ್ಮೆದುರೇ ಚಾಲೂ ಮಾಡಿಸಿ. ಏರೋಸ್ಪೇಸ್ ಆದರೆ ಬಿಚ್ಚಿ ತೋರಿಸುವ ನಿಜವಾದ ಎಂಜಿನ್, ರಿವೆಟ್ ಗನ್, ಗಾಳಿ ಸುರಂಗ ಇವೆಯೇ ನೋಡಿ. ಗೋಡೆಯ ಮೇಲಿನ ಚಿತ್ರಪಟಗಳಿಂದ ಮಕ್ಕಳ ಕೈ ಪಳಗುವುದಿಲ್ಲ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲೂ, ಅಂದರೆ ಜಿಟಿಟಿಸಿಯಲ್ಲೂ ಮೆಕಾಟ್ರಾನಿಕ್ಸ್ ಇದೆ. ಅಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿ ಇರುತ್ತದೆ. ಅದಕ್ಕೆ ಪಾಲಿಟೆಕ್ನಿಕ್ಕಿನ ಅರ್ಜಿ ಸಾಲದು, ಬೇರೆಯಾಗಿಯೇ ಹಾಕಬೇಕು.

ಕನ್ನಡ ಮಾಧ್ಯಮದ ಮಕ್ಕಳ ಪೋಷಕರಿಗೆ ಒಂದು ಮಾತು. ವಿಮಾನದ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ ಎಂದು ಹೆದರಬೇಡಿ. ಅವುಗಳಿಗೆಂದೇ ಸುಮಾರು 900 ಒಪ್ಪಿತ ಪದಗಳ ಸರಳ ಇಂಗ್ಲಿಷ್ ಇದೆ, ವಾಕ್ಯಗಳೂ ಚಿಕ್ಕವು. ಮೊದಲ ಸೆಮಿಸ್ಟರಿನಲ್ಲಿ ದಿನಕ್ಕೊಂದು ಪುಟ ಓದಿಸಿದರೆ ಮಗು ದಾರಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಣ್ಣು ಪರೀಕ್ಷೆ ಮಾಡಿಸಿ, ಬಣ್ಣ ಗುರುತಿಸುವ ಪರೀಕ್ಷೆಯನ್ನು ಕೇಳಿ ಮಾಡಿಸಿ. ಎರಡೂ ಕೋರ್ಸಿನಲ್ಲಿ ವೈರುಗಳನ್ನು ಬಣ್ಣದಿಂದ ಗುರುತಿಸುವ ಕೆಲಸವಿದೆ. ಕೆಂಪು-ಹಸಿರಿನ ತೊಂದರೆ ಮೂರು ವರ್ಷ ಓದಿದ ಮೇಲೆ, ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ತಪಾಸಣೆಯಲ್ಲಿ ಗೊತ್ತಾಗುವುದು ಬೇಡ.

ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಫಲಿತಾಂಶ ಬಂದ ಮೇಲೆ ಅಲ್ಲಿ ನೂಕುನುಗ್ಗಲು. ವ್ಯಾಸಂಗ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಶಾಲೆಯಿಂದ ಕೊಡುತ್ತೇವೆ. ಅವುಗಳಿಗೆ ಬಿಇಒ ಮೇಲುಸಹಿ ಬೇಕಿರುವುದರಿಂದ ಬೇರೆ ಶಾಲೆಯಲ್ಲಿ ಓದಿದ ವರ್ಷಗಳಿದ್ದರೆ ಆ ಶಾಲೆಯಿಂದ ಮೊದಲೇ ತಂದುಕೊಡಿ. ಹೆಸರಿನ ಕಾಗುಣಿತ ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಬೇರೆ ಬೇರೆ ಇದ್ದರೆ ಈ ವಾರವೇ ಕಚೇರಿಗೆ ಬಂದು ತಿಳಿಸಿ.

ಇತಿ,
ಮುಖ್ಯೋಪಾಧ್ಯಾಯರು