ಭಾನುವಾರ ಬೆಳಿಗ್ಗೆ ಫೈರ್‌ವಾಲ್ ಅಪ್‌ಡೇಟ್, ನೆಟ್ ಇರುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 6ರಿಂದ 7.30ರವರೆಗೆ ನಮ್ಮ ತೀರ್ಥಹಳ್ಳಿ ಆಫೀಸಿನ ಫೈರ್‌ವಾಲ್ (ಹೊರಗಿನ ನೆಟ್‌ನಿಂದ ನಮ್ಮ ಜಾಲವನ್ನು ಕಾಯುವ ಯಂತ್ರ) ಅಪ್‌ಡೇಟ್ ಮಾಡುತ್ತೇವೆ. ಆ ಹೊತ್ತಿನಲ್ಲಿ ವೈಫೈ, ವಿಪಿಎನ್ (ಹೊರಗಿನಿಂದ ಆಫೀಸ್ ಜಾಲಕ್ಕೆ ಸೇರುವ ಸುರಕ್ಷಿತ ದಾರಿ) ಎರಡೂ ಇರುವುದಿಲ್ಲ. ಸಾಗರ, ಹೊಸನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವವರೂ ಗಮನಿಸಿ.

ಚೆನ್ನಾಗಿ ನಡೀತಿರೋದನ್ನ ಸುಮ್ನೆ ಯಾಕೆ ಮುಟ್ಟೋದು ಅಂತ ಕೆಲವರು ಕೇಳಿದ್ದೀರಿ. ಫೈರ್‌ವಾಲ್‌ನಲ್ಲಿ ನಾವು ಬಳಸುವ ಓಪಿಎನ್‌ಸೆನ್ಸ್ ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು; ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿದ್ದು. ಜನವರಿ ಮತ್ತು ಜುಲೈನಲ್ಲಿ ದೊಡ್ಡ ಆವೃತ್ತಿ ಬರುತ್ತದೆ, ನಡುವೆ ದೋಷ ಸರಿಪಡಿಸುವ ಸಣ್ಣ ಪ್ಯಾಚ್‌ಗಳು. ಪ್ಯಾಚ್ ಹೊರಬಂದ ಕೂಡಲೇ ಯಾವ ತೂತು ಮುಚ್ಚಿದರು ಅನ್ನೋದು ಕೋಡ್ ನೋಡಿದವರಿಗೆಲ್ಲ ಗೊತ್ತಾಗುತ್ತದೆ ಅಲ್ವಾ? ಆಮೇಲೆ ಕಳ್ಳರು ಹುಡುಕುವುದು ಅಪ್‌ಡೇಟ್ ಮಾಡದವರನ್ನೇ. ತಡ ಮಾಡಿದಷ್ಟೂ ಅಪಾಯ ಜಾಸ್ತಿ.

ಮೊದಲು ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತೇವೆ. ಅದೊಂದು ಕೈಲಿದ್ದರೆ ಯಂತ್ರವೇ ಕೆಟ್ಟರೂ ಇನ್ನೊಂದರಲ್ಲಿ ನಮ್ಮ ನಿಯಮಗಳನ್ನೆಲ್ಲ ವಾಪಸ್ ತರಬಹುದು. ಆಮೇಲೆ ಅಪ್‌ಡೇಟ್, ರೀಬೂಟ್. ಕೊನೆಗೆ ವಿಪಿಎನ್ ಪರೀಕ್ಷೆ.

ನನಗಿರುವ ಚಿಂತೆ ಕರೆಂಟಿನದು. ಈ ಮಳೆಯಲ್ಲಿ ಲೈನ್ ಮೇಲೆ ಯಾವಾಗ ಮರ ಬೀಳುತ್ತೋ ಹೇಳಕ್ಕಾಗಲ್ಲ. ಫೈಲ್‌ಗಳನ್ನು ಬರೆಯುತ್ತಿರುವಾಗ ಯಂತ್ರ ಆಫ್ ಆದರೆ ಮತ್ತೆ ಏಳದೇ ಇರಬಹುದು. ಹಾಗಾಗಿ ಶನಿವಾರ ಸಂಜೆಯಿಂದ, ಕರೆಂಟ್ ಹೋದಾಗ ಫೈರ್‌ವಾಲ್ ನಡೆಸುವ ಯುಪಿಎಸ್‌ಗೆ ಪ್ರಿಂಟರ್, ಫೋನ್ ಚಾರ್ಜರ್ ಏನನ್ನೂ ಸಿಕ್ಕಿಸಬೇಡಿ. ಗುಡುಗು ಸಿಡಿಲು ಜೋರಾಗಿದ್ದರೆ ಮುಂದಿನ ಭಾನುವಾರಕ್ಕೆ ಹಾಕುತ್ತೇವೆ, 5.30ಕ್ಕೆ ಇಲ್ಲೇ ತಿಳಿಸುತ್ತೇನೆ.

ಆ ಸಮಯದಲ್ಲಿ ತುರ್ತು ಕೆಲಸ ಇರುವವರು ಶುಕ್ರವಾರ ಸಂಜೆಯೊಳಗೆ ಹೇಳಿ. ಉಳಿದವರು ಓದಿದ್ದೀನಿ ಅಂತ ಒಂದು ಹೆಬ್ಬೆರಳು ಹಾಕಿದರೆ ಸಾಕು. 7.30ರ ಮೇಲೂ ನೆಟ್ ಬರದಿದ್ದರೆ ನನಗೆ ಫೋನ್ ಮಾಡಿ, ದಯವಿಟ್ಟು ನೀವೇ ಫೈರ್‌ವಾಲ್ ಸ್ವಿಚ್ ಆಫ್ ಮಾಡಬೇಡಿ.