ಸಂದರ್ಶನದಲ್ಲಿ ಕೈಬಿಟ್ಟವರಿಗೆ ಕಾರಣವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಸಾಫ್ಟ್‌ವೇರ್ ಕಂಪನಿಗಳ ಕೋಡಿಂಗ್ ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಸರಿಯಾದ ಪ್ರೋಗ್ರಾಂ ಬರೆದು, ಸಂದರ್ಶಕರ ಮೆಚ್ಚುಗೆಯನ್ನೂ ಪಡೆದು ಬಂದವರಿಗೆ ಕೆಲವು ದಿನಗಳ ನಂತರ ಎರಡು ಸಾಲಿನ ನಿರಾಕರಣೆಯ ಇಮೇಲ್ ಬರುವುದು ಬೆಂಗಳೂರಿನಲ್ಲಿ ಅಪರೂಪವೇನಲ್ಲ. ಯಾರನ್ನು ಆರಿಸಿಕೊಳ್ಳಬೇಕೆಂಬುದು ಕಂಪನಿಗೆ ಬಿಟ್ಟದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೈಬಿಟ್ಟ ಕಾರಣವನ್ನು ಒಂದು ವಾಕ್ಯದಲ್ಲಿಯೂ ತಿಳಿಸದಿರುವ ಪದ್ಧತಿ ಬದಲಾಗಲೇಬೇಕು.

ಇತ್ತೀಚೆಗೆ ನಾನು ಎದುರಿಸಿದ ಸಂದರ್ಶನವೊಂದರಲ್ಲಿ, ಒಂದು ದಿನದ ಸಭೆಗಳ ಆರಂಭ ಮತ್ತು ಮುಕ್ತಾಯದ ವೇಳೆಯನ್ನು ಕೊಟ್ಟು, ಅವನ್ನೆಲ್ಲ ನಡೆಸಲು ಕನಿಷ್ಠ ಎಷ್ಟು ಕೊಠಡಿಗಳು ಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯಲು ಹೇಳಿದರು. ಸಭೆಗಳನ್ನು ಆರಂಭದ ವೇಳೆಯ ಪ್ರಕಾರ ಜೋಡಿಸಿಕೊಂಡು, ನಡೆಯುತ್ತಿರುವ ಸಭೆಗಳ ಮುಕ್ತಾಯದ ವೇಳೆಯನ್ನು ಹೀಪ್‌ನಲ್ಲಿಟ್ಟು (ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ತೆಗೆದುಕೊಡುವ ದತ್ತಾಂಶ ಜೋಡಣೆ), ಮೊದಲು ಖಾಲಿಯಾಗುವ ಕೊಠಡಿಯನ್ನೇ ಮುಂದಿನ ಸಭೆಗೆ ಕೊಡುವ ವಿಧಾನವನ್ನು ವಿವರಿಸಿ ಬರೆದೆ. ಹತ್ತು ಗಂಟೆಗೆ ಒಂದು ಸಭೆ ಮುಗಿದು ಅದೇ ಹತ್ತಕ್ಕೆ ಇನ್ನೊಂದು ಶುರುವಾದರೆ ಏನು ಮಾಡುವಿರಿ ಎಂದು ಕೇಳಿದಾಗ, ಅದೇ ಕೊಠಡಿ ಸಾಕಾಗುತ್ತದೆಂಬುದನ್ನು ಕೋಡ್ ರನ್ ಮಾಡಿಯೇ ತೋರಿಸಿದೆ. ಸಂದರ್ಶಕರು ತುಂಬಾ ಚೆನ್ನಾಗಿದೆ ಎಂದರು. ಉಳಿದ ಸಮಯದಲ್ಲಿ ತಮ್ಮ ತಂಡದ ಕೆಲಸದ ಬಗ್ಗೆ ಉತ್ಸಾಹದಿಂದ ಹೇಳಿದರು. ಮುಂದಿನ ವಾರ ಬಂದದ್ದು, ಬೇರೆ ಅಭ್ಯರ್ಥಿಗಳನ್ನು ಪರಿಗಣಿಸುತ್ತಿದ್ದೇವೆ ಎಂಬ ಇಮೇಲ್. ಕಾರಣ ಕೇಳಿ ಬರೆದರೆ, ಸಂದರ್ಶಕರ ಅಭಿಪ್ರಾಯವನ್ನು ಹಂಚಿಕೊಳ್ಳಲು ಕಂಪನಿಯ ನಿಯಮ ಅವಕಾಶ ಕೊಡುವುದಿಲ್ಲ ಎಂಬ ಸಿದ್ಧ ಉತ್ತರ ಬಂತು. ಇನ್ನೊಂದು ವರ್ಷ ಅರ್ಜಿ ಹಾಕುವಂತಿಲ್ಲ ಎಂಬ ಸೂಚನೆಯೂ ಅದರಲ್ಲಿತ್ತು. ಏನನ್ನು ತಿದ್ದಿಕೊಂಡು ಬರಬೇಕೆಂದು ಹೇಳದೆ ಒಂದು ವರ್ಷ ಕಾಯಿರಿ ಎನ್ನುವುದು ಯಾವ ನ್ಯಾಯ?

ಉತ್ತರ ಸರಿಯಿದ್ದೂ ಕೈಬಿಡಲು ಕಾರಣಗಳು ಹಲವಿರುತ್ತವೆ. ಅದೇ ಹುದ್ದೆಗೆ ಇನ್ನೊಬ್ಬರು ಹೆಚ್ಚು ಸೂಕ್ತರೆನಿಸಿರಬಹುದು, ಹುದ್ದೆಯೇ ರದ್ದಾಗಿರಬಹುದು, ಕೇಳಿದ ಸಂಬಳ ಹೆಚ್ಚೆನಿಸಿರಬಹುದು, ಒಂದು ರೌಂಡಿನ ಸಂದರ್ಶಕರು ಒಪ್ಪಿ ಇನ್ನೊಂದು ರೌಂಡಿನವರು ಒಪ್ಪದಿರಬಹುದು. ದೊಡ್ಡ ಕಂಪನಿಗಳಂತೂ ಯೋಗ್ಯರೊಬ್ಬರು ಕೈತಪ್ಪಿದರೂ ಚಿಂತೆಯಿಲ್ಲ, ಅಯೋಗ್ಯರು ಮಾತ್ರ ಒಳಗೆ ಬರಬಾರದು ಎಂಬ ಧೋರಣೆಯಲ್ಲೇ ನೇಮಕಾತಿ ನಡೆಸುತ್ತವೆ. ಇವುಗಳಲ್ಲಿ ಅರ್ಧದಷ್ಟು ಕಾರಣಗಳಿಗೂ ಅಭ್ಯರ್ಥಿಯ ಸಾಮರ್ಥ್ಯಕ್ಕೂ ಸಂಬಂಧವೇ ಇಲ್ಲ. ಆದರೆ ಆ ಮಾತನ್ನು ಅವರಿಗೆ ಹೇಳುವವರು ಯಾರೂ ಇಲ್ಲ.

ಹೇಳದಿದ್ದಾಗ ಏನಾಗುತ್ತದೆಂಬುದನ್ನು ನನ್ನ ಗೆಳೆಯರಲ್ಲಿ ಹತ್ತಿರದಿಂದ ಕಂಡಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ತಮ್ಮ ಇಂಗ್ಲಿಷ್ ಸರಿಯಿರಲಿಲ್ಲವೆಂದು ತೀರ್ಮಾನಿಸಿಕೊಳ್ಳುತ್ತಾರೆ. ಹೆರಿಗೆಯ ನಂತರ ಎರಡು ಮೂರು ವರ್ಷ ಮನೆಯಲ್ಲಿದ್ದು ಮರಳಿದ ಹೆಣ್ಣುಮಗಳು ಆ ಬಿಡುವೇ ತನಗೆ ಮುಳುವಾಯಿತೆಂದು ಕೊರಗುತ್ತಾಳೆ. ಸಣ್ಣ ಊರಿನ ಕಾಲೇಜಿನಿಂದ ಬಂದವರು ಕಾಲೇಜಿನ ಹೆಸರನ್ನೇ ದೂರುತ್ತಾರೆ. ಪ್ರತಿಯೊಬ್ಬರೂ ತಮಗೆ ಮೊದಲೇ ನೋವಿರುವ ಕಡೆಯಲ್ಲೇ ಕಾರಣ ಹುಡುಕುತ್ತಾರೆ. ಸಂದರ್ಶಕರು ಬರೆದದ್ದು ಟೆಸ್ಟಿಂಗ್ (ಬರೆದ ಕೋಡನ್ನು ಪರೀಕ್ಷಿಸಿ ನೋಡುವುದು) ಸಾಲದು ಎಂದಾಗಿದ್ದರೆ, ಒಂದು ವರ್ಷ ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋದ ಹುಡುಗನ ಹಣವೂ ಶ್ರಮವೂ ವ್ಯರ್ಥ. ಸಂದರ್ಶನವೆಂಬ ಅಳತೆಯೂ ಅಷ್ಟು ನಿಖರವಲ್ಲ. ಅಮೆರಿಕದ ನಾರ್ತ್ ಕೆರೋಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 48 ಮಂದಿಯ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಕಾಂತದಲ್ಲಿ ಕೋಡಿಂಗ್ ಸಮಸ್ಯೆ ಬಿಡಿಸಿದವರಿಗೆ ಹೋಲಿಸಿದರೆ ಸಂದರ್ಶಕರೆದುರು ಮಾತನಾಡುತ್ತಾ ಬಿಡಿಸಿದವರ ಸಾಧನೆ ಅರ್ಧಕ್ಕಿಂತ ಕೆಳಗಿಳಿದಿತ್ತು.

ಕಾರಣ ತಿಳಿಸಿದರೆ ವಾದ ವಿವಾದಕ್ಕೆ, ಕೋರ್ಟು ಕಚೇರಿಗೆ ದಾರಿಯಾಗುತ್ತದೆ, ಸಾವಿರಾರು ಅರ್ಜಿದಾರರಿಗೆ ಬರೆಯುತ್ತಾ ಕೂರಲಾಗದು ಎಂಬುದು ಕಂಪನಿಗಳ ಸಮರ್ಥನೆ. ಅರ್ಜಿ ಹಾಕಿದ ಎಲ್ಲರಿಗೂ ಬರೆಯಿರೆಂದು ನಾನು ಕೇಳುತ್ತಿಲ್ಲ. ಗಂಟೆಗಟ್ಟಲೆ ಕೂರಿಸಿ ಕೋಡ್ ಬರೆಸಿದವರಿಗೆ ಮಾತ್ರ ಬರೆಯಲಿ. ಬರೆಯುವ ಕೆಲಸವಂತೂ ಆಗಲೇ ಮುಗಿದಿರುತ್ತದೆ. ಸಮಸ್ಯೆ ಬಿಡಿಸಿದ ರೀತಿ, ಕೋಡಿನ ಗುಣಮಟ್ಟ, ಟೆಸ್ಟಿಂಗ್, ಸಂವಹನ ಎಂದು ವಿಂಗಡಿಸಿ ಸಂದರ್ಶಕರು ತಮ್ಮ ಅಭಿಪ್ರಾಯವನ್ನು ಕಂಪನಿಗೆ ಬರೆದುಕೊಟ್ಟಿರುತ್ತಾರೆ. ಅದರ ಎರಡು ಸಾಲುಗಳನ್ನು ಅಭ್ಯರ್ಥಿಗೂ ಕಳುಹಿಸಲು ತಗಲುವ ಖರ್ಚಾದರೂ ಏನು?

ನಮ್ಮ ಪರೀಕ್ಷಾ ವ್ಯವಸ್ಥೆಯಲ್ಲಿಯೂ ಒಂದು ಕಾಲಕ್ಕೆ ಇದೇ ಗೋಪ್ಯತೆಯ ವಾದವಿತ್ತು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಇಂದು ದ್ವಿತೀಯ ಪಿಯುಸಿ ವಿದ್ಯಾರ್ಥಿ ಶುಲ್ಕ ಕಟ್ಟಿ ತನ್ನ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳುತ್ತಾನೆ. ಅದರಿಂದ ಪರೀಕ್ಷೆಗಳೇನೂ ನಿಂತಿಲ್ಲ. ಖಾಸಗಿ ಕಂಪನಿಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ, ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದವರಿಗೆ ನೇಮಕಾತಿಯ ನಿರ್ಧಾರವಾಗಿದೆಯೇ ಎಂಬುದನ್ನು 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು 45 ದಿನಗಳೊಳಗೆ ತಿಳಿಸಲೇಬೇಕು. ಕಾರಣ ಹೇಳಬೇಕೆಂಬ ಕಟ್ಟಳೆ ಅಲ್ಲಿಯೂ ಇಲ್ಲದಿದ್ದರೂ, ಅಭ್ಯರ್ಥಿಯ ಬಗ್ಗೆ ಕಂಪನಿಗೆ ಹೊಣೆಯಿದೆಯೆಂದು ಕಾನೂನು ಒಪ್ಪಿಕೊಂಡಂತಾಯಿತು.

ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕೆನ್ನುತ್ತಿದ್ದ ಆಗಿನ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸುವಾಗ, ನೌಕರರ ಕುಂದುಕೊರತೆ ಸಮಿತಿ ಇರಬೇಕು ಎಂಬಂಥ ಷರತ್ತುಗಳನ್ನು ಹಾಕಿತ್ತು. ಕೆಲಸಕ್ಕೆ ಸೇರಿದವರಿಗೆ ಸಿಕ್ಕ ಈ ಅಲ್ಪ ರಕ್ಷಣೆ ಕೆಲಸ ಹುಡುಕುವವರಿಗೆ ಸಿಕ್ಕಿಲ್ಲ. ಕಾರ್ಮಿಕ ಇಲಾಖೆಯೂ ಐಟಿ–ಬಿಟಿ ಇಲಾಖೆಯೂ ಉದ್ಯಮದ ಪ್ರತಿನಿಧಿಗಳೊಡನೆ ಕೂತು, ಸಂದರ್ಶನದ ಫಲಿತಾಂಶ ತಿಳಿಸಲು ಒಂದು ಗಡುವನ್ನೂ, ಕೈಬಿಟ್ಟ ಕಾರಣವನ್ನು ಕೇಳಿದವರಿಗೆ ಬರಹದಲ್ಲಿ ಕೊಡುವ ನಿಯಮವನ್ನೂ ರೂಪಿಸಬೇಕು. ಅಲ್ಲಿಯವರೆಗೆ, ಸಂದರ್ಶಕರ ಕುರ್ಚಿಯಲ್ಲಿ ಕೂರುವ ನಮ್ಮ ನಾಡಿನ ಎಂಜಿನಿಯರುಗಳು ಈ ವಿಷಯವನ್ನು ತಮ್ಮ ಕಂಪನಿಯ ಎಚ್‌ಆರ್ ವಿಭಾಗದ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಹಾಸನ